ಸೊಂಟ ಬಿದ್ದ ದನ, ಕಾಲೆಳೆಯುವ ನಾಯಿ

ನವಲಗುಂದ, ಅಣ್ಣಿಗೇರಿಯ ಎರೆ ಸೀಮೆಯಲ್ಲಿ ಒಂದು ಮನೆಯ ಬದುಕನ್ನು ಎಕರೆಗಳಲ್ಲಿ ಹೇಳಿದಷ್ಟೇ ಸಹಜವಾಗಿ ಎತ್ತುಗಳಲ್ಲಿಯೂ ಹೇಳುವ ರೂಢಿಯಿತ್ತು. ಎರಡೆತ್ತಿನ ಕಮತ, ನಾಲ್ಕೆತ್ತಿನ ಕಮತ ಎಂದರೆ ಆ ಮನೆಯ ಅಂತಸ್ತು ಗೊತ್ತಾಗುತ್ತಿತ್ತು. ಕಲಘಟಗಿಯ ಮಲೆನಾಡ ಸೆರಗಿನಲ್ಲಿ ಗವಳಿಗರ ಎಮ್ಮೆಗಳಿಗೆ ಇದೇ ಬೆಲೆ. ಧಾರವಾಡ ಪೇಢೆಯ ಹಾಲಿನ ಮೂಲವಾದ ಈ ಎಮ್ಮೆಯನ್ನು ರಾಷ್ಟ್ರೀಯ ಪಶು ಅನುವಂಶೀಯ ಸಂಪನ್ಮೂಲಗಳ ಸಂಸ್ಥೆ 2021ರಲ್ಲಿ 'ಧಾರವಾಡಿ' ಎಂಬ ಪ್ರತ್ಯೇಕ ತಳಿಯಾಗಿ ದಾಖಲು ಮಾಡಿಕೊಂಡಿತು. ಇಂಥ ಮನೆಗಳಲ್ಲಿ ಒಂದು ಮುಂಜಾನೆ ಎತ್ತೋ ಎಮ್ಮೆಯೋ ಹಿಂಗಾಲು ಊರಲಾರದೆ ಕುಸಿದು ಬಿದ್ದರೆ ಹಳ್ಳಿಯ ಮಾತಿನಲ್ಲಿ ಅದಕ್ಕೆ 'ಸೊಂಟ ಬಿತ್ತು' ಎಂಬ ಒಂದೇ ಹೆಸರು.

ಹೆಸರು ಒಂದೇ ಆದರೂ ಕಾರಣ ಒಂದೇ ಅಲ್ಲ. ಕರು ಹಾಕಿದ ಮರುದಿನ ಬಿದ್ದ ಆಕಳಿಗೆ ರಕ್ತದಲ್ಲಿ ಸುಣ್ಣದ ಅಂಶ ಕುಸಿದಿರಬಹುದು. ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಅದು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಮೈತುಂಬಿಕೊಂಡ ಎಳೆಯ ಹೋರಿ ತೊಡೆ ಬಾತು ಕುಂಟಿದರೆ ಅದು ಚಪ್ಪೆ ರೋಗವಿರಬಹುದು. ಕಷ್ಟದ ಹೆರಿಗೆಯಲ್ಲಿ ತೊಡೆಯ ನರ ಜಜ್ಜಿರಬಹುದು. ಕಟ್ಟೆಯಿಂದ ಬಿದ್ದು ಬೆನ್ನುಮೂಳೆ ಮುರಿದಿರಬಹುದು. ಇವಾವುವೂ ಅಲ್ಲದೆ, ಎರಡು ತಿಂಗಳ ಹಿಂದೆ ಹುಚ್ಚುನಾಯಿ ಕಚ್ಚಿದ್ದು ಯಾರ ಗಮನಕ್ಕೂ ಬಾರದೆ ಹೋಗಿರಬಹುದು. ಮೊದಲನೆಯದರಲ್ಲಿ ಆಕಳು ಬದುಕುತ್ತದೆ. ಕೊನೆಯದರಲ್ಲಿ ಆಕಳು ಸಾಯುವುದಲ್ಲದೆ, ಉಪಚಾರ ಮಾಡಿದ ಮನೆಯವರ ಪ್ರಾಣಕ್ಕೂ ಕುತ್ತು ಬರುತ್ತದೆ. ಪ್ರಾಣಿಯ ಬೆನ್ನುಹುರಿಯನ್ನು ಮನುಷ್ಯ ಅರಿತುಕೊಂಡ ಚರಿತ್ರೆ ಮುಖ್ಯವಾಗುವುದು ಈ ಕಾರಣಕ್ಕೆ.

ಗೋವೈದ್ಯದ ಪರಂಪರೆ

ಕನ್ನಡಕ್ಕೆ ಪಶುವೈದ್ಯ ಹೊಸ ವಿಷಯವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ 'ಗೋವೈದ್ಯ' ಎಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ. ಆನೆ, ಕುದುರೆಗಳು ಅರಮನೆಯ ಪ್ರಾಣಿಗಳಾಗಿದ್ದ ಕಾಲದಲ್ಲಿ ರಾಜಮನೆತನದವನೊಬ್ಬ ಒಕ್ಕಲಿಗನ ದನದ ಬೇನೆಯ ಬಗ್ಗೆ, ಅದೂ ದೇಶಭಾಷೆಯಲ್ಲಿ ಬರೆದದ್ದು ಗಮನಾರ್ಹ. ಅದೇ ಮನೆತನದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಸಿದ್ಧಪಡಿಸಿದ 'ಮಾನಸೋಲ್ಲಾಸ'ದಲ್ಲಿ ನಾಯಿಗಳ ವಿಷಯಕ್ಕೇ ಮೀಸಲಾದ ಭಾಗವೊಂದಿದೆ. ಈ ಗ್ರಂಥಗಳಿಗೂ ಇಂದಿನ ಧಾರವಾಡ ಜಿಲ್ಲೆಗೂ ಇರುವ ನಂಟು ದೂರದ್ದಲ್ಲ. ಅಣ್ಣಿಗೇರಿ ಬೆಳ್ವೊಲ ನಾಡಿನ ಪ್ರಮುಖ ಪಟ್ಟಣ. ಚಾಲುಕ್ಯರ ಕೊನೆಗಾಲದಲ್ಲಿ ನಾಲ್ಕನೆಯ ಸೋಮೇಶ್ವರನಿಗೆ ಕೆಲಕಾಲ ರಾಜಧಾನಿಯೂ ಆಗಿತ್ತು.

ಗ್ರಂಥಗಳ ಹೊರಗೆ ಹಳ್ಳಿಗಳಲ್ಲಿ ದನದ ವೈದ್ಯರ ಪರಂಪರೆಯೊಂದು ಬಾಯಿಂದ ಬಾಯಿಗೆ ಇಳಿದು ಬಂತು. ಕೀಲು ಜಾರಿದರೆ ಎಳೆದು ಕೂರಿಸುವುದು, ಮೂಳೆ ಮುರಿದರೆ ಬಿದಿರ ದಬ್ಬೆ ಕಟ್ಟುವುದು, ಗೊಟ್ಟದಲ್ಲಿ ಕಷಾಯ ಹಾಕುವುದು, ಇವುಗಳಲ್ಲಿ ಅವರ ಕೈ ಪಳಗಿತ್ತು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಬೇನೆಗೆ ಅವರಲ್ಲಿ ಉಪಾಯವಿತ್ತು. ಮೂಳೆಯ ಕೊಳವೆಯೊಳಗೆ ಅಡಗಿ ಕುಳಿತ ನರದ ಹುರಿ ಕಣ್ಣಿಗೂ ಕಾಣದು, ಕೈಗೂ ಸಿಗದು. ಆದ್ದರಿಂದ ಸೊಂಟ ಬಿದ್ದ ಪ್ರಾಣಿಗೆ ಕೊನೆಗೆ ಉಳಿಯುತ್ತಿದ್ದುದು ಬರೆ. ಕಾಯಿಸಿದ ಕಬ್ಬಿಣದಿಂದ ಬೆನ್ನ ಮೇಲೆ ಎಳೆದ ಆ ಗೆರೆಗಳಿಂದ ತಾವಾಗಿಯೇ ಗುಣವಾಗಬಹುದಾದ ಪ್ರಾಣಿಗಳು ಎದ್ದವು, ಉಳಿದವು ಏಳಲಿಲ್ಲ. ಎದ್ದವುಗಳ ಸುದ್ದಿ ಮಾತ್ರ ಊರೂರು ಸುತ್ತಿತು.

ಮುಂಬಯಿಯ ದಾರಿ

ಆಧುನಿಕ ಪಶುವೈದ್ಯ ಧಾರವಾಡಕ್ಕೆ ಬಂದದ್ದು ಬೆಂಗಳೂರಿನಿಂದಲ್ಲ, ಮುಂಬಯಿಯಿಂದ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಕುಂದಗೋಳ ಮಾತ್ರ ಸ್ವಾತಂತ್ರ್ಯದವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1886ರಲ್ಲಿ ಮುಂಬಯಿಯ ಪರೇಲಿನಲ್ಲಿ ಪಶುವೈದ್ಯ ಕಾಲೇಜು ತೆರೆಯಿತು. ಅದರ ಮಗ್ಗುಲಲ್ಲೇ ದಾನಿಗಳು ಕಟ್ಟಿಸಿದ್ದ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆಯಿದ್ದುದರಿಂದ ವಿದ್ಯಾರ್ಥಿಗಳಿಗೆ ನಗರದ ಕುದುರೆ, ಎತ್ತು, ನಾಯಿಗಳೇ ಪಾಠವಾದವು.

ಆದರೆ ಸರ್ಕಾರಕ್ಕೆ ಪಶುವೈದ್ಯ ಬೇಕಾಗಿದ್ದುದು ಸೈನ್ಯದ ಕುದುರೆಗಳಿಗೆ ಮತ್ತು ದನಗಳ ಸಾಂಕ್ರಾಮಿಕಗಳಿಗೆ. ದೊಡ್ಡರೋಗವೆಂದು ಹಳ್ಳಿಗರು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಬಂದರೆ ಊರಿನ ಕೊಟ್ಟಿಗೆಗಳೇ ಖಾಲಿಯಾಗುತ್ತಿದ್ದವು. ಇದರ ವಿರುದ್ಧ ಹೋರಾಡಲು 1889ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಪ್ರಯೋಗಾಲಯವೇ ಮುಂದೆ ಹಿಮಾಲಯದ ಮುಕ್ತೇಶ್ವರಕ್ಕೆ ಹೋಗಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. 2011ರಲ್ಲಿ ಆ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂಬ ಘೋಷಣೆ ಹೊರಬಿತ್ತು. ಮನುಷ್ಯರ ಸಿಡುಬಿನ ನಂತರ ಹೀಗೆ ಅಳಿದ ಎರಡನೆಯ ರೋಗ ಇದೊಂದೇ.

ಈ ಮಹತ್ಸಾಧನೆಯ ಇನ್ನೊಂದು ಮುಖವೂ ಉಂಟು. ಇಲಾಖೆಯ ಶ್ರಮವೆಲ್ಲ ಹಿಂಡಿನ ರೋಗಗಳಿಗೆ ಮೀಸಲಾದಾಗ ಒಂಟಿ ಪ್ರಾಣಿಯ ಬೇನೆ ಹಿಂದೆ ಬಿತ್ತು. ನೆರಡಿ, ಚಪ್ಪೆ, ಗಳಲೆ, ಕಾಲುಬಾಯಿ ಜ್ವರಗಳಿಗೆ ಲಸಿಕೆಯ ಕಾರ್ಯಕ್ರಮಗಳು ಬಂದವು. ಸೊಂಟ ಬಿದ್ದ ಒಂದು ಎಮ್ಮೆಯ ನರಗಳನ್ನು ಕೂತು ಪರೀಕ್ಷಿಸುವ ವ್ಯವಧಾನ ಹಳ್ಳಿಯ ದನದ ದವಾಖಾನೆಗೆ ಸಿಗಲಿಲ್ಲ. ನಾಯಿಯಂತೂ ಲೆಕ್ಕದ ಹೊರಗೇ ಉಳಿಯಿತು. ಅದು ಹೊಲ ಕಾಯುತ್ತಿತ್ತು, ಕುರಿ ಕಾಯುತ್ತಿತ್ತು. ಆದರೆ ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿರಲಿಲ್ಲ.

ಮೊಲದ ಬೆನ್ನುಹುರಿ

ವಿಚಿತ್ರವೆಂದರೆ, ಈ ಲೆಕ್ಕಕ್ಕಿಲ್ಲದ ನಾಯಿಯ ರೋಗವೇ ವಿಜ್ಞಾನಿಗಳನ್ನು ಬೆನ್ನುಹುರಿಯ ಕಡೆಗೆ ಕರೆದೊಯ್ದದ್ದು. ಜಗತ್ತಿನ ಮೊದಲ ಪಶುವೈದ್ಯ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಆರಂಭವಾಯಿತು. ಅಲ್ಲಿ ಪ್ರಾಧ್ಯಾಪಕನಾಗಿದ್ದ ಪಿಯರ್ ಗಾಲ್ಟಿಯೆ 1879ರಲ್ಲಿ ಹುಚ್ಚುನಾಯಿಯ ರೋಗವನ್ನು ಮೊಲಕ್ಕೆ ದಾಟಿಸಬಹುದೆಂದು ತೋರಿಸಿಕೊಟ್ಟ. ಹುಚ್ಚುನಾಯಿಯ ಎದುರು ನಿಂತು ಪ್ರಯೋಗ ಮಾಡುವ ಅಪಾಯ ಇದರಿಂದ ತಪ್ಪಿತು. ಪಶುವೈದ್ಯನ ಈ ಕೆಲಸದ ಮೇಲೆಯೇ ಲೂಯಿ ಪಾಶ್ಚರ್ ತನ್ನ ಪ್ರಯೋಗಗಳನ್ನು ಕಟ್ಟಿದ.

ರೇಬೀಸ್ ವೈರಸ್ ರಕ್ತದಲ್ಲಿ ಹರಡುವುದಿಲ್ಲ. ಕಚ್ಚಿದ ಗಾಯದಿಂದ ನರಕ್ಕೆ ಸೇರಿ, ನರದ ಎಳೆಯನ್ನೇ ದಾರಿ ಮಾಡಿಕೊಂಡು ನಿಧಾನವಾಗಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಏರುತ್ತದೆ. ಕಾಲಿಗೆ ಕಚ್ಚಿದರೆ ದಾರಿ ಉದ್ದ, ಮುಖಕ್ಕೆ ಕಚ್ಚಿದರೆ ಗಿಡ್ಡ. ಕಚ್ಚಿದ ದಿನಕ್ಕೂ ರೋಗ ಕಾಣಿಸಿಕೊಳ್ಳುವ ದಿನಕ್ಕೂ ಸಾಮಾನ್ಯವಾಗಿ ವಾರಗಳ, ತಿಂಗಳುಗಳ ಅಂತರವಿರುವುದು ಈ ಪ್ರಯಾಣದಿಂದಾಗಿ. ಈ ಬಿಡುವಿನಲ್ಲೇ ದೇಹಕ್ಕೆ ಪ್ರತಿರೋಧ ಕಲಿಸಲು ಸಾಧ್ಯವೇ ಎಂಬುದು ಪಾಶ್ಚರನ ಪ್ರಶ್ನೆಯಾಗಿತ್ತು.

ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ತೆಗೆದು ಗಾಜಿನ ಬುರುಡೆಯಲ್ಲಿ ತೂಗುಹಾಕಿ ಒಣಗಿಸಲಾಯಿತು. ದಿನ ಕಳೆದಂತೆ ಅದರ ವಿಷ ಇಳಿಯಿತು. ಎರಡು ವಾರ ಒಣಗಿದ ಹುರಿಯಲ್ಲಿ ರೋಗ ತರುವ ಶಕ್ತಿ ಉಳಿಯುತ್ತಿರಲಿಲ್ಲ. 1885ರ ಜುಲೈ 6ರಂದು, ನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಈ ಹಳೆಯ ಹುರಿಯ ತಿಳಿಯಿಂದ ಚಿಕಿತ್ಸೆ ಆರಂಭವಾಯಿತು. ದಿನದಿನವೂ ಹೆಚ್ಚು ತಾಜಾ ಹುರಿಯತ್ತ ಸಾಗಿ ಒಟ್ಟು 13 ಚುಚ್ಚುಮದ್ದು ಕೊಡಲಾಯಿತು. ಹುಡುಗ ಬದುಕಿದ.

ಭಾರತದಲ್ಲಿ ಈ ಚಿಕಿತ್ಸೆ 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ ಆರಂಭವಾಯಿತು. 1902ರಲ್ಲಿ ದಕ್ಷಿಣ ಭಾರತದಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ಯುವತಿ ಹುಚ್ಚುನಾಯಿ ಕಡಿತದಿಂದ ತೀರಿಕೊಂಡಾಗ, ದಕ್ಷಿಣಕ್ಕೂ ಒಂದು ಕೇಂದ್ರ ಬೇಕೆಂಬ ಕೂಗೆದ್ದಿತು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಮುಂಬಯಿಯ ಹಾಫ್ಕಿನ್ ಸಂಸ್ಥೆಯೂ ಮುಂದೆ ಈ ಲಸಿಕೆ ತಯಾರಿಸಿತು.

ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ಪ್ರಾಣಿಯ ಮಿದುಳಿನಲ್ಲಿ ಬೆಳೆಸಿದ ವೈರಸ್ಸನ್ನು ಫೀನಾಲಿನಿಂದ ಕೊಂದು ಲಸಿಕೆ ಮಾಡುವ ವಿಧಾನ ಕಂಡುಹಿಡಿದ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಮೂರು ತಲೆಮಾರು ಹೆದರಿದ್ದು ಈ ಲಸಿಕೆಗೇ. ಹೆದರಿಕೆಗೆ ನೋವೊಂದೇ ಕಾರಣವಾಗಿರಲಿಲ್ಲ. ಲಸಿಕೆಯಲ್ಲಿ ಕುರಿಯ ನರದ ಅಂಶ ಸೇರಿದ್ದುದರಿಂದ, ದೇಹ ಅದರ ವಿರುದ್ಧ ಕಟ್ಟಿದ ಪ್ರತಿರೋಧ ಕೆಲವರಲ್ಲಿ ಅವರದೇ ಮಿದುಳು, ಬೆನ್ನುಹುರಿಗಳ ಮೇಲೆ ತಿರುಗುತ್ತಿತ್ತು. ರೇಬೀಸ್ ತಪ್ಪಿಸಲು ಹೋಗಿ ಕಾಲಿನ ಸ್ವಾಧೀನ ಕಳೆದುಕೊಂಡವರನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೂ ಕಂಡರು. ಜೀವಕೋಶಗಳಲ್ಲಿ ಬೆಳೆಸುವ ಸುರಕ್ಷಿತ ಲಸಿಕೆಗಳು ಬಂದ ಮೇಲೂ ಅಗ್ಗವೆಂಬ ಕಾರಣಕ್ಕೆ ಸೆಂಪಲ್ ಲಸಿಕೆ ಮುಂದುವರಿಯಿತು. 2004ರ ಕೊನೆಯ ಹೊತ್ತಿಗೆ ಭಾರತದಲ್ಲಿ ಅದರ ಬಳಕೆ ನಿಂತಿತು. ಈಗ ಸೂಜಿ ತೋಳಿಗೆ, ಡೋಸುಗಳೂ ಕಡಿಮೆ. ಆದರೆ ಹಳೆಯ ಹೆದರಿಕೆ ಹಳ್ಳಿಗಳಲ್ಲಿ ಪೂರ್ತಿ ಹೋಗಿಲ್ಲ. ದೇಶದಲ್ಲಿ ವರ್ಷಕ್ಕೆ 18 ಸಾವಿರದಿಂದ 20 ಸಾವಿರ ಜನ ರೇಬೀಸ್‌ನಿಂದ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಕೊಡುತ್ತ ಬಂದಿರುವ ಅಂದಾಜು.

ಗೊಟ್ಟ ಹಿಡಿಯುವ ಮುನ್ನ

ರೇಬೀಸ್ ಎಂದರೆ ಜೊಲ್ಲು ಸುರಿಸುತ್ತ ಕಚ್ಚಲು ಬರುವ ನಾಯಿ ಎಂಬುದು ಸಾಮಾನ್ಯ ಕಲ್ಪನೆ. ಆದರೆ ರೋಗಕ್ಕೆ ಇನ್ನೊಂದು ರೂಪವಿದೆ. ಇದರಲ್ಲಿ ರೋಷವಿಲ್ಲ, ಓಡಾಟವಿಲ್ಲ. ಬೆನ್ನುಹುರಿ ಹಿಂದಿನಿಂದ ಸೋಲುತ್ತ ಬಂದು ಹಿಂಗಾಲು ತೂರಾಡುತ್ತವೆ, ಬಾಲ ಸಡಿಲಾಗುತ್ತದೆ, ಗಂಟಲಿನ ಸ್ನಾಯುಗಳು ಸ್ತಬ್ಧವಾಗುತ್ತವೆ. ದನ, ಎಮ್ಮೆಗಳಲ್ಲಿ ಈ ರೂಪ ಅಪರೂಪವಲ್ಲ.

ನುಂಗಲಾರದೆ ಜೊಲ್ಲು ಸುರಿಸುವ ಎಮ್ಮೆಯನ್ನು ಕಂಡವರಿಗೆ ಮೊದಲು ಹೊಳೆಯುವುದು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು. ತೋಳೇರಿಸಿ ಬಾಯಿಗೆ ಕೈ ಹಾಕುತ್ತಾರೆ. ಇಲ್ಲವೇ ಅಜೀರ್ಣವೆಂದು ಗೊಟ್ಟದಲ್ಲಿ ಕಷಾಯ ಹಾಕುತ್ತಾರೆ. ಕೂರಿಗೆ, ಕುಂಟೆ ಹಿಡಿದ ಕೈಯಲ್ಲಿ ಗೀರು ಗಾಯಗಳಿಗೆ ಬರವಿಲ್ಲ. ಜೊಲ್ಲಿನಲ್ಲಿರುವ ವೈರಸ್ಸಿಗೆ ಅಷ್ಟು ಸಾಕು. ಪ್ರೀತಿಯಿಂದ ಮಾಡಿದ ಉಪಚಾರವೇ ಇಲ್ಲಿ ಅಪಾಯದ ಬಾಗಿಲು.

ಆದ್ದರಿಂದ ಪಶುವೈದ್ಯರ ಕಿವಿಮಾತು ಸರಳ: ಕಾಲು ಸೋತು ಜೊಲ್ಲು ಸುರಿಸುವ ಪ್ರಾಣಿಯ ಬಾಯಿಗೆ ಬರಿಗೈ ಹಾಕಬಾರದು. ಅದನ್ನು ಬೇರೆ ಕಟ್ಟಿ ದವಾಖಾನೆಗೆ ತಿಳಿಸಬೇಕು. ಅದರ ಹಸಿ ಹಾಲು ಕುಡಿಯಬಾರದು. ಜೊಲ್ಲು ತಾಗಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಲಸಿಕೆಗೆ ಹೋಗಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಉಳಿಗಾಲವಿಲ್ಲವೆನ್ನುವಷ್ಟು ಇದು ಕ್ರೂರ.

ಗಿಡ್ಡ ಕಾಲು, ಉದ್ದ ಬೆನ್ನು

ಕಾಲೆಳೆಯುವ ನಾಯಿಗಳಿಗೆಲ್ಲ ರೇಬೀಸ್ ಬಂದಿರುವುದಿಲ್ಲ. ಲಸಿಕೆ ಹಾಕಿಸದ ಮರಿಗಳಲ್ಲಿ ಡಿಸ್ಟೆಂಪರ್ ಎಂಬ ವೈರಸ್ ನರಮಂಡಲವನ್ನು ಹಿಡಿಯುತ್ತದೆ. ವಾಹನ ಬಡಿದು ಬೆನ್ನುಮೂಳೆ ಮುರಿಯುವುದು ಹೆದ್ದಾರಿ ಬದಿಯ ಊರುಗಳಲ್ಲಿ ನಿತ್ಯದ ಸಂಗತಿ. ಸಾಕುನಾಯಿಗಳಲ್ಲಿ ಇನ್ನೊಂದು ಮುಖ್ಯ ಕಾರಣ, ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರುವುದು.

ಎರಡು ಮೂಳೆಗಳ ನಡುವೆ ಒತ್ತಡ ತಾಳಲು ಒಂದೊಂದು ಮೆತ್ತೆಯಿರುತ್ತದೆ. ಅದರ ಒಳತಿರುಳು ಲೋಳೆಯಂತೆ, ಹೊರಸುತ್ತು ನಾರಿನ ಬಳೆಯಂತೆ. ಸ್ವೀಡನ್ನಿನ ಪಶುವೈದ್ಯ ಹ್ಯಾನ್ಸ್ ಯೋರ್ಗೆನ್ ಹ್ಯಾನ್ಸೆನ್ 1952ರಲ್ಲಿ ನಾಯಿಗಳ ಮೆತ್ತೆ ಕೆಡುವ ಬಗೆ ಎರಡು ಎಂದು ವಿಂಗಡಿಸಿದ. ಮೊದಲ ಬಗೆಯಲ್ಲಿ ತಿರುಳು ಎಳೆವಯಸ್ಸಿನಲ್ಲೇ ಸುಣ್ಣಗಟ್ಟಿ, ಒಂದು ದಿನ ಬಳೆಯನ್ನು ಹರಿದು ಬೆನ್ನುಹುರಿಗೆ ಬಡಿಯುತ್ತದೆ. ಎರಡನೆಯದರಲ್ಲಿ ವಯಸ್ಸಾದಂತೆ ಬಳೆಯೇ ಉಬ್ಬಿ ಹುರಿಯನ್ನು ಮೆಲ್ಲಗೆ ಒತ್ತುತ್ತದೆ. ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಮೊದಲ ಬಗೆ ಹೆಚ್ಚಾಗಿ ಕಾಣುವುದು ಡ್ಯಾಶ್‌ಹಂಡ್‌ನಂಥ ಗಿಡ್ಡ ಕಾಲಿನ, ಉದ್ದ ಬೆನ್ನಿನ ತಳಿಗಳಲ್ಲಿ. ಬಿಲದೊಳಗೆ ನುಗ್ಗಲೆಂದು ಮನುಷ್ಯ ಆರಿಸಿ ಬೆಳೆಸಿದ ಗಿಡ್ಡತನದ ಜೊತೆಗೇ ಮೆತ್ತೆಯ ದೋಷವೂ ಬಂತು. 2017ರಲ್ಲಿ ಸಂಶೋಧಕರು ಇದಕ್ಕೆ ಕಾರಣವಾದ ಅನುವಂಶೀಯ ಬದಲಾವಣೆಯನ್ನು ನಾಯಿಯ 12ನೆಯ ವರ್ಣತಂತುವಿನಲ್ಲಿ ಗುರುತಿಸಿದರು. ಇದಕ್ಕೆ ಎದುರಾಗಿ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ನೋಡಬಹುದು. ನೀಳ ಕಾಲು, ಆಳವಾದ ಎದೆ, ಬಿಲ್ಲಿನಂತೆ ಬಾಗುವ ಬೆನ್ನು. ಬಯಲುಸೀಮೆಯಲ್ಲಿ ಮೊಲದ ಹಿಂದೆ ಓಡಿ ಬೆಳೆದ ಈ ತಳಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂತು; 2016ರಲ್ಲಿ ಇದರ ಮರಿಗಳು ಭೂಸೇನೆಯ ಮೀರತ್ ಕೇಂದ್ರಕ್ಕೆ ತರಬೇತಿಗೆ ಹೋದವು. ಹಳ್ಳಿಯ ನಾಯಿಯ ಬೆನ್ನನ್ನು ಬದುಕು ತಿದ್ದಿದರೆ, ಷೋಕಿಯ ನಾಯಿಯ ಬೆನ್ನನ್ನು ಮನುಷ್ಯನ ಅಭಿರುಚಿ ತಿದ್ದಿತು. ಹುಬ್ಬಳ್ಳಿ, ಧಾರವಾಡದಿಂದ ತಾಲ್ಲೂಕು ಊರುಗಳಿಗೂ ಪೇಟೆಯ ತಳಿಗಳು ಬರತೊಡಗಿದಾಗ ಅವುಗಳ ಬೇನೆಯೂ ಹಿಂದೆಯೇ ಬಂತು.

ನರವೈದ್ಯ ತಯಾರಾಗುವ ಬಗೆ

ಪ್ರಾಣಿಗಳ ನರರೋಗ ಪ್ರತ್ಯೇಕ ಶಾಖೆಯಾಗಿ ಬೆಳೆದದ್ದು ಈಚೆಗೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಡಿ ಲಹುಂಟಾ 1977ರಲ್ಲಿ ಹೊರತಂದ ಪಶು ನರಶಾಸ್ತ್ರದ ಪಠ್ಯ ಈ ಶಾಖೆಗೆ ಅಡಿಪಾಯ ಹಾಕಿತೆನ್ನಬಹುದು. 1993ರಲ್ಲಿ ಯುರೋಪಿನ ಪಶು ನರವೈದ್ಯರು ತಮ್ಮದೇ ಪರೀಕ್ಷಾ ಮಂಡಳಿ ಕಟ್ಟಿಕೊಂಡರು. ಅಲ್ಲಿ ಪದವಿಯ ನಂತರ ಹಿರಿಯ ತಜ್ಞರ ಕೈಕೆಳಗೆ ಹಲವು ವರ್ಷ ದುಡಿದು, ಕಠಿಣ ಪರೀಕ್ಷೆ ಗೆದ್ದವರಿಗೆ ಮಾತ್ರ ನರತಜ್ಞರೆಂಬ ಮಾನ್ಯತೆ.

ಕರ್ನಾಟಕದಲ್ಲಿ 1950ರ ದಶಕದ ಕೊನೆಯಲ್ಲಿ ಹೆಬ್ಬಾಳದ ಕಾಲೇಜು ಆರಂಭವಾದ ಮೇಲೆ ಧಾರವಾಡದ ವಿದ್ಯಾರ್ಥಿಗಳ ದಾರಿ ಮುಂಬಯಿಯಿಂದ ಬೆಂಗಳೂರಿಗೆ ತಿರುಗಿತು. ಈಗ ಬೀದರ್ ಕೇಂದ್ರವಾಗಿರುವ ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜು ಪಕ್ಕದ ಗದಗಿನಲ್ಲೇ ಇದೆ. ಐದೂವರೆ ವರ್ಷದ ಪದವಿ, ಆಮೇಲೆ ಶಸ್ತ್ರಚಿಕಿತ್ಸೆ ಇಲ್ಲವೇ ಔಷಧಶಾಸ್ತ್ರದಲ್ಲಿ ಎರಡು ವರ್ಷದ ಸ್ನಾತಕೋತ್ತರ ಓದು. ಬೆನ್ನುಹುರಿಯ ಚಿಕಿತ್ಸೆಯನ್ನು ಇಲ್ಲಿನ ವೈದ್ಯರು ಈ ವಿಭಾಗಗಳ ಮೂಲಕವೇ ಕಲಿಯುತ್ತಾರೆ.

ನರವೈದ್ಯನ ವಿದ್ಯೆಯ ತಿರುಳು ಯಂತ್ರದಲ್ಲಿಲ್ಲ. ಮೊದಲು ಪ್ರಾಣಿಯ ನಡಿಗೆ ನೋಡುತ್ತಾನೆ. ನಾಯಿಯ ಪಾದವನ್ನು ಮಡಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡುತ್ತಾನೆ. ನರ ನೆಟ್ಟಗಿದ್ದರೆ ಅದು ಕ್ಷಣದಲ್ಲಿ ಸರಿಪಡಿಸಿಕೊಳ್ಳುತ್ತದೆ. ಮಂಡಿಯ ಕೆಳಗೆ ತಟ್ಟಿ ಕಾಲಿನ ಚಿಮ್ಮುವಿಕೆ ಗಮನಿಸುತ್ತಾನೆ. ಬೆನ್ನ ಚರ್ಮವನ್ನು ಬಾಲದ ಕಡೆಯಿಂದ ಚಿವುಟುತ್ತ ಬಂದರೆ ಎಲ್ಲಿ ಚರ್ಮ ಅದುರತೊಡಗುತ್ತದೋ, ಪೆಟ್ಟು ಬಿದ್ದ ಜಾಗ ಅದರ ಆಸುಪಾಸಿನಲ್ಲಿದೆಯೆಂದು ತಿಳಿಯುತ್ತದೆ. ಕೊನೆಗೆ ಬೆರಳ ಮೂಳೆಯನ್ನು ಇಕ್ಕಳದಿಂದ ಒತ್ತುತ್ತಾನೆ. ಕಾಲು ಹಿಂದೆಳೆದುಕೊಂಡರೆ ಸಾಲದು, ಅದು ಬೆನ್ನುಹುರಿಯೊಂದೇ ಮಾಡಬಲ್ಲ ಕೆಲಸ. ನಾಯಿ ತಿರುಗಿ ನೋಡಬೇಕು, ಇಲ್ಲವೇ ಕುಂಯ್‌ಗುಡಬೇಕು. ಆಗ ಮಾತ್ರ ನೋವಿನ ಸುದ್ದಿ ಮಿದುಳು ಮುಟ್ಟಿದಂತೆ.

ಈ ಕೊನೆಯ ಪರೀಕ್ಷೆಯ ಮೇಲೆ ಭವಿಷ್ಯ ನಿಂತಿದೆ. ಮೆತ್ತೆ ಜಾರಿದ ನಾಯಿಗೆ ನೋವಿನ ಅರಿವು ಉಳಿದಿದ್ದರೆ, ಶಸ್ತ್ರಚಿಕಿತ್ಸೆಯಿಂದ ಹತ್ತರಲ್ಲಿ ಒಂಬತ್ತು ನಾಯಿಗಳಾದರೂ ಮತ್ತೆ ನಡೆಯುತ್ತವೆ. ಅರಿವು ಹೋಗಿದ್ದರೆ ಸುಮಾರು ಅರ್ಧ ಮಾತ್ರ. ಬಣ್ಣದ ದ್ರವ ತುಂಬಿ ತೆಗೆಯುವ ಕ್ಷಕಿರಣ ಚಿತ್ರ, ಸಿ.ಟಿ., ಎಂ.ಆರ್.ಐ.ಗಳು ಕೈ ಹೇಳಿದ್ದನ್ನು ಖಚಿತಪಡಿಸುತ್ತವೆ. ಆಮೇಲೆ ಮೂಳೆಯ ಒಂದು ಬದಿಯಲ್ಲಿ ಕಿಟಕಿ ಕೊರೆದು ಜಾರಿದ ತಿರುಳನ್ನು ತೆಗೆಯಲಾಗುತ್ತದೆ. ದೇಶದಲ್ಲಿ ಇಂಥ ಸೌಲಭ್ಯ ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಿಗೆ ಸೀಮಿತ.

ಈ ಕೆಲಸದ ಫಲ ನಾಯಿಗಷ್ಟೇ ಅಲ್ಲ. 2012ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಬೆನ್ನುಹುರಿಗೆ ಪೆಟ್ಟಾದ 34 ಸಾಕುನಾಯಿಗಳನ್ನು ಅಧ್ಯಯನ ಮಾಡಿದರು. ಕೆಲವಕ್ಕೆ ಅವುಗಳ ಮೂಗಿನಿಂದಲೇ ತೆಗೆದು ಬೆಳೆಸಿದ ಜೀವಕೋಶಗಳನ್ನು ಹುರಿಗೆ ಸೇರಿಸಿದರು. ಹಾಗೆ ಪಡೆದ ನಾಯಿಗಳಲ್ಲಿ ಮುಂಗಾಲಿಗೂ ಹಿಂಗಾಲಿಗೂ ನಡಿಗೆಯ ಹೊಂದಾಣಿಕೆ ಸುಧಾರಿಸಿತು. ಮಿದುಳಿನೊಂದಿಗಿನ ಸಂಪರ್ಕ ಮಾತ್ರ ಮರಳಲಿಲ್ಲ. ಮನುಷ್ಯರ ಬೆನ್ನುಹುರಿಯ ಚಿಕಿತ್ಸೆಗೆ ಇದರಿಂದ ದಾರಿಯೂ ಸಿಕ್ಕಿತು, ದಾರಿ ಎಷ್ಟು ಉದ್ದವೆಂಬ ಅರಿವೂ ಆಯಿತು.

ಹಳ್ಳಿಗೆ ಎಷ್ಟು?

ಕಲಘಟಗಿಯ ಹಾಡಿಯಂಚಿನ ಮನೆಗೆ ಎಂ.ಆರ್.ಐ. ಯಂತ್ರ ದೂರದ ಮಾತು. ಆದರೆ ನರಶಾಸ್ತ್ರದ ಮೊದಲ ಅರ್ಧಕ್ಕೆ ವಿದ್ಯುತ್ತೂ ಬೇಡ. ತಾಲ್ಲೂಕಿನ ಪಶುವೈದ್ಯ ಆಕಳ ಬಾಲದ ಬುಡದಲ್ಲಿ ಎರಡು ಮೂಳೆಗಳ ಸಂದನ್ನು ಬೆರಳಿನಿಂದ ಹುಡುಕಿ, ಅರಿವಳಿಕೆ ಕೊಟ್ಟು ಕಷ್ಟದ ಹೆರಿಗೆ ಮಾಡಿಸುವಾಗ ಬೆನ್ನುಹುರಿಯ ಶಾಸ್ತ್ರವನ್ನೇ ಬಳಸುತ್ತಾನೆ. ಅದೇ ಬೆರಳಿಗೆ ಪಾದ ಮಡಚಿ ನೋಡುವುದೂ ಚರ್ಮ ಚಿವುಟಿ ನೋಡುವುದೂ ಸಾಧ್ಯ. ಏಳುವ ಪ್ರಾಣಿ ಯಾವುದು, ಏಳದ್ದು ಯಾವುದು, ಮುಟ್ಟಬಾರದ್ದು ಯಾವುದು ಎಂದು ಬೇರ್ಪಡಿಸಿದರೆ, ಸಾಲ ಮಾಡಿ ಎಮ್ಮೆ ಕಟ್ಟಿದವನಿಗೆ ವ್ಯರ್ಥ ಖರ್ಚೂ ತಪ್ಪುತ್ತದೆ, ಅಪಾಯವೂ ತಪ್ಪುತ್ತದೆ.

ಉಳಿದರ್ಧ ಲಸಿಕೆಯದು. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿ ಅದನ್ನು ವರ್ಷವರ್ಷ ಉಳಿಸಿಕೊಂಡರೆ ರೇಬೀಸ್ ಸರಪಳಿ ಕಡಿಯುತ್ತದೆ. ಘಟ್ಟದ ಕೆಳಗಿನ ಗೋವೆಯಲ್ಲಿ 2013ರಿಂದ ಈ ಕೆಲಸ ಪಟ್ಟುಹಿಡಿದು ನಡೆದದ್ದರಿಂದ, 2018 ಮತ್ತು 2019ರಲ್ಲಿ ಅಲ್ಲಿ ರೇಬೀಸ್‌ನಿಂದ ಮನುಷ್ಯರ ಸಾವು ಒಂದೂ ದಾಖಲಾಗಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕ್ರಿಯಾಯೋಜನೆ, ನಾಯಿಯಿಂದ ಬರುವ ರೇಬೀಸ್‌ಗೆ 2030ರೊಳಗೆ ಕೊನೆ ಹಾಡುವ ಗುರಿ ಇಟ್ಟುಕೊಂಡಿದೆ.

ಪರೇಲಿನ ಕಾಲೇಜಿನ ಕಾಲದಿಂದ ಲೆಕ್ಕಕ್ಕೆ ಬಾರದಿದ್ದ ಹಳ್ಳಿಯ ನಾಯಿ ಈ ಗುರಿಯ ನಟ್ಟನಡುವೆ ನಿಂತಿದೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವ ಮನೆಗಳಲ್ಲಿ, ಅದೇ ಅಂಗಳದ ನಾಯಿಗೆ ವರ್ಷಕ್ಕೊಂದು ಸೂಜಿ ಹಾಕಿಸುವುದೂ ಪದ್ಧತಿಯಾದರೆ, ಎತ್ತಿಗೂ ಅದನ್ನು ಕಟ್ಟುವ ಕೈಗೂ ಅದರಷ್ಟು ಅಗ್ಗದ ರಕ್ಷಣೆ ಬೇರೊಂದಿಲ್ಲ.